ಬೋಲ್ಟ್ ಬಿಗಿ ಮಾಡ್ವಾಗ ಮುರೀತೋ, ಬಿಚ್ವಾಗ ಮುರೀತೋ?

ಗ್ಯಾರೇಜ್ ಪ್ರಶ್ನೋತ್ತರ: ಈ ಸಲ ಬಂದ ಪತ್ರಗಳಲ್ಲಿ ಮುರಿದ ಬೋಲ್ಟಿನ ಗೋಳೇ ಜಾಸ್ತಿ ಇತ್ತು. ಟೈರು, ಮೈಲೇಜು ಕೇಳಿದೋರು ಮುಂದಿನ ಸಂಚಿಕೆವರೆಗೂ ಸ್ವಲ್ಪ ತಡ್ಕೊಳ್ರಿ.

ಪ್ರಶ್ನೆ: ಅಣ್ಣಾರೆ ನಮಸ್ಕಾರ. ನಂದು 150 ಸಿಸಿ ಬೈಕು, ಹಳೇದು. ಕ್ಲಚ್ ಜಾರ್ತಿತ್ತು, ಆಕ್ಸಲರೇಟರ್ ಕೊಟ್ರೆ ಇಂಜಿನ್ ಕೂಗುತ್ತೆ ಗಾಡಿ ಮಾತ್ರ ಮುಂದಕ್ಕೆ ಎಳೆಯಲ್ಲ. ವಿಡಿಯೋ ನೋಡ್ಕೊಂಡು ಮನೆ ಮುಂದೇನೇ ಬಿಚ್ಚಿ ಹೊಸ ಪ್ಲೇಟ್ ಸೆಟ್ ಹಾಕ್ದೆ, ಎಲ್ಲಾ ಸರಿಯಾಗೇ ಕೂತಿತ್ತು, ಕೊನೇಗೆ ಸ್ಪ್ರಿಂಗ್ ಬೋಲ್ಟ್ ಟೈಟ್ ಮಾಡ್ವಾಗ ನಾಲ್ಕರಲ್ಲಿ ಒಂದು ಟಕ್ ಅಂತು. ತಲೆ ಕೈಗೆ ಬಂತು, ಮಿಕ್ಕಿದ್ದು ಬೋಲ್ಟ್ ಕೂರೋ ಕಂಬದೊಳಗೇ ಉಳೀತು. ಪಕ್ಕದ ಮನೆಯೋರು ಡ್ರಿಲ್ ಹಾಕು ಅಂತಾರೆ, ಫ್ರೆಂಡು ವೆಲ್ಡಿಂಗ್ ಮಾಡ್ಸು ಅಂತಾನೆ, ನಮ್ಮ ಮಾವ ಮೂರು ಬೋಲ್ಟಲ್ಲೇ ಓಡ್ಸೋ ಏನಾಗಲ್ಲ ಅಂತಾರೆ. ಏನ್ ಮಾಡ್ಲಿ?
— ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ತಮ್ಮಾ, ಮಾವನೋರಿಗೆ ಮೊದ್ಲು ಒಂದು ಕೈಮುಗಿದು ಪಕ್ಕಕ್ಕೆ ಕೂರ್ಸಿ. ನಾಲ್ಕು ಸ್ಪ್ರಿಂಗಲ್ಲಿ ಒಂದು ಹೋಯ್ತಂದ್ರೆ ಪ್ಲೇಟುಗಳನ್ನ ಒತ್ತಿ ಹಿಡಿಯೋ ಶಕ್ತೀಲಿ ಕಾಲು ಭಾಗ ಹೋಯ್ತು, ಅಷ್ಟೇ ಆಗಿದ್ರೆ ಸುಮ್ನಿರ್ಬೋದಿತ್ತು, ಆದ್ರೆ ಪ್ರೆಷರ್ ಪ್ಲೇಟ್ ಒಂದು ಕಡೆಗೆ ವಾಲುತ್ತೆ, ಕ್ಲಚ್ ಹಿಡಿದಾಗ ಸರಿಯಾಗಿ ಬಿಡಲ್ಲ, ಬಿಟ್ಟಾಗ ಸರಿಯಾಗಿ ಹಿಡಿಯಲ್ಲ, ಹೊಸ ಪ್ಲೇಟು ಬೇಗ ಸುಟ್ಟು ಹೋಗುತ್ತೆ. ಮೇಲಾಗಿ ಹಿಡಿತ ಇಲ್ಲದ ಆ ಸ್ಪ್ರಿಂಗು ಒಳಗೆ ತಿರುಗ್ತಾ ತಿರುಗ್ತಾ ಎಲ್ಲಿಗೆ ಎಗರುತ್ತೋ ದೇವ್ರೇ ಬಲ್ಲ.

ಇನ್ನು ಡ್ರಿಲ್ಲು, ವೆಲ್ಡಿಂಗು. ಎರಡೂ ಬೇಡ, ಸದ್ಯಕ್ಕೆ. ಯಾರೇ ಮುರಿದ ಬೋಲ್ಟ್ ತಂದ್ರೂ ನಾನು ಕೇಳೋದು ಒಂದೇ ಮಾತು, ಬಿಗಿ ಮಾಡ್ವಾಗ ಮುರೀತೋ ಬಿಚ್ವಾಗ ಮುರೀತೋ? ಯಾಕಂದ್ರೆ ಎರಡೂ ನೋಡೋಕೆ ಒಂದೇ ಥರ ಇದ್ರೂ ಒಳಗಿನ ಕಥೆ ಬೇರೆ ಬೇರೆ. ಬೋಲ್ಟ್ ಬಿಗಿ ಮಾಡ್ದಾಗ ಅದು ಕಣ್ಣಿಗೆ ಕಾಣದಷ್ಟು ಉದ್ದ ಎಳೀತದೆ, ಆ ಎಳೆತದಿಂದಲೇ ಥ್ರೆಡ್ಡು ಥ್ರೆಡ್ಡಿಗೆ ಅಮರಿಕೊಂಡು ನಿಲ್ಲುತ್ತೆ. ತಲೆ ಮುರಿದ ತಕ್ಷಣ ಎಳೆಯೋರೇ ಇಲ್ಲ. ನಿಮ್ಮ ಬೋಲ್ಟು ಹೊಸದಾಗಿ ಹಾಕಿದ್ದು, ಥ್ರೆಡ್ಡಲ್ಲಿ ಎಣ್ಣೆ ಐತೆ, ತುಕ್ಕಿಲ್ಲ, ಎಳೆತ ಹೋಗಿದೆ, ಅಂದ್ರೆ ಒಳಗಿರೋ ತುಂಡು ಬಹುಮಟ್ಟಿಗೆ ಸಡಿಲವಾಗೇ ಕೂತಿರುತ್ತೆ. ಇಂಥದ್ದಕ್ಕೆ ಡ್ರಿಲ್ ಹಾಕೋಕೆ ಹೋಗಿ, ಡ್ರಿಲ್ ಬಿಟ್ ಪಕ್ಕಕ್ಕೆ ಜಾರಿ, ಅಲ್ಯೂಮಿನಿಯಂ ಥ್ರೆಡ್ ಕೆತ್ತಿ ಹಾಕಿ ಆಮೇಲೆ ಕ್ಲಚ್ ಹಬ್ಬೇ (ಆ ಕಂಬಗಳಿರೋ ನಡುಭಾಗ) ಬದಲಿಸಿದವರು ಬೇಕಾದಷ್ಟು ಜನ ಅದಾರೆ.

ಹಂಗಾಗಿ ಹಿಂಗೆ ಮಾಡ್ರಿ. ಉಳಿದ ಮೂರು ಬೋಲ್ಟನ್ನ ಒಂದೇ ಸಲ ಬಿಚ್ಚದೆ, ಸುತ್ತಾಕಾರವಾಗಿ ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ ತೆಗೀರಿ, ಸ್ಪ್ರಿಂಗು ಪ್ರೆಷರ್ ಪ್ಲೇಟು ಈಚೆ ಬರಲಿ. ಈಗ ಮುರಿದ ಕಂಬ ಬರಿದಾಗಿ ಕಾಣುತ್ತೆ. ಬಟ್ಟೆ ಸುತ್ತಿದ ಕಡ್ಡೀಲಿ ಎಣ್ಣೆ ಒರೆಸ್ರಿ, ಟಾರ್ಚ್ ಬಿಟ್ಟು ನೋಡ್ರಿ, ಮುರಿದ ಮುಖ ಬೂದು ಬಣ್ಣಕ್ಕೆ, ಒರಟು ಒರಟಾಗಿ ಕಾಣುತ್ತೆ, ಆ ಒರಟೇ ಈಗ ನಮಗೆ ಹಿಡಿ. ಗಟ್ಟಿ ಉಕ್ಕಿನ ಚೂಪು ಸ್ಕ್ರೈಬರೋ ಅಥವಾ ತುದಿ ಅರೆದ ಸಣ್ಣ ಪಂಚೋ ತಗೊಂಡು, ಮಧ್ಯಕ್ಕಲ್ಲ, ಅಂಚಿನ ಹತ್ರ ಇಟ್ಟು, ಗಡಿಯಾರದ ಉಲ್ಟಾ ದಿಕ್ಕಿಗೆ ಸಣ್ಣ ಸುತ್ತಿಗೇಲಿ ಟಿಕ್ ಟಿಕ್ ಅಂತ ತಟ್ರಿ. ಜೋರು ಬೇಡ. ಕಾಲು ಸುತ್ತು ತಿರುಗಿತು ಅಂದ್ರೆ ಗೆದ್ರಿ, ಮುಂದೆ ಸ್ಕ್ರೈಬರ್ ತುದೀಲೇ ತಳ್ಳಿದ್ರೆ ನಿಧಾನಕ್ಕೆ ಮೇಲೆ ಬರುತ್ತೆ. ಕೆಲವು ಗಾಡೀಲಿ ಕಂಬದ ತೂತು ಹಿಂದುಗಡೆಗೂ ತೆರೆದಿರುತ್ತೆ, ಹಂಗಿದ್ರೆ ಹಬ್ ಬಿಚ್ಚಿದಾಗ ಹಿಂದಿಂದ ಮುಂದಕ್ಕೂ ತಿರುಗಿಸಿ ದಾಟಿಸ್ಬೋದು.

ಇದಕ್ಕೂ ಜಗ್ಗದಿದ್ರೆ ಗಾಡಿ ಮೇಲೇ ಡ್ರಿಲ್ ಹಾಕ್ಬೇಡಿ. ಸೆಂಟರ್ ನಟ್ ತೆಗೆದು ಹಬ್ಬನ್ನೇ ಈಚೆ ತಗೊಳ್ರಿ, ಅದಕ್ಕೆ ಕ್ಲಚ್ ಹಿಡಿಯೋ ಟೂಲ್ ಬೇಕು, ಹಲ್ಲಿಗೆ ಸ್ಕ್ರೂಡ್ರೈವರ್ ಸಿಗಿಸಿ ನಟ್ಟಿಗೆ ಉಳಿ ಇಟ್ಟು ಹೊಡೆಯೋ ಪದ್ಧತಿ ನಮ್ಮೂರಲ್ಲಿ ಇನ್ನೂ ಹೋಗಿಲ್ಲ, ನೀವಾದ್ರೂ ಮಾಡ್ಬೇಡಿ. ಹಬ್ಬನ್ನ ಲೇತ್ ಅಂಗಡಿಗೆ ಕೊಟ್ರೆ ಅವ್ರು ಡ್ರಿಲ್ಲಿಂಗ್ ಮಷಿನ್ನಿಗೆ ನೆಟ್ಟಗೆ ಕಟ್ಟಿ, ನಡುಮಧ್ಯೆ ಸೆಂಟರ್ ಪಂಚ್ ಹೊಡೆದು, 3 ಎಂಎಂ ಬಿಟ್ಟಲ್ಲಿ ತೂತು ಹಾಕ್ತಾರೆ. ಎಡಗೈ ಡ್ರಿಲ್ ಬಿಟ್, ಅಂದ್ರೆ ಉಲ್ಟಾ ತಿರುಗೋದು, ಅವ್ರ ಹತ್ರ ಇದ್ರೆ ಇನ್ನೂ ಒಳ್ಳೇದು, ಎಷ್ಟೋ ಸಲ ತೂತು ಪೂರ್ತಿ ಆಗೋ ಮೊದ್ಲೇ ತುಂಡು ಬಿಟ್ಟಿಗೆ ಕಚ್ಕೊಂಡು ತಾನೇ ಎದ್ದು ಬರುತ್ತೆ. ಕೊನೇ ದಾರಿ ಅಂದ್ರೆ 5 ಎಂಎಂವರೆಗೂ ಕೊರೆದು ಎಂ6 ಟ್ಯಾಪ್, ಅಂದ್ರೆ 6 ಎಂಎಂ ಬೋಲ್ಟಿಗೆ ಥ್ರೆಡ್ ಕೆತ್ತೋ ಟೂಲು, ಓಡ್ಸೋದು, ಎಂ6 ಟ್ಯಾಪಿಗೆ ತೂತು 5 ಎಂಎಂ, ಅದಕ್ಕಿಂತ ದೊಡ್ಡದಾದ್ರೆ ಥ್ರೆಡ್ ತೆಳ್ಳಗಾಯ್ತು ಅಂತಲೇ ಅರ್ಥ.

ಈಗ ಯಾಕೆ ಮುರೀತು ಅನ್ನೋದು. ಪತ್ರದಲ್ಲಿ ಬರೆದಿಲ್ಲ, ಆದ್ರೂ ಹೇಳ್ತೀನಿ, ನೀವು ಉದ್ದನೆ ರಾಚೆಟ್ ಹಾಕಿದ್ರಿ. ಎಂ6 ಬೋಲ್ಟಿಗೆ ಬೇಕಾಗಿರೋದು ಹೆಚ್ಚುಕಮ್ಮಿ 10 ನ್ಯೂಟನ್ ಮೀಟರ್ ಟಾರ್ಕು, ಅಂದ್ರೆ ತಿರುಗಿಸೋ ಬಲ, ನಿಮ್ಮ ಗಾಡಿ ಸರ್ವಿಸ್ ಮ್ಯಾನುಯಲ್ಲಲ್ಲಿ ಇರೋ ಅಂಕಿನೇ ಕೊನೇ ಮಾತು ಅನ್ಕೊಳ್ರಿ. ಬೋಲ್ಟಿಂದ 10 ಸೆಂಟಿಮೀಟರ್ ದೂರಕ್ಕೆ ಸ್ಪ್ಯಾನರ್ ಹಿಡಿದ್ರೆ ಇಷ್ಟು ಬಿಗಿಗೆ 10 ಕೆಜಿ ಭಾರದಷ್ಟು ಎಳೀಬೇಕು. ಅದೇ 25 ಸೆಂಟಿಮೀಟರ್ ರಾಚೆಟ್ಟಿನ ತುದಿ ಹಿಡಿದ್ರೆ 4 ಕೆಜಿ ಸಾಕು. ಆದ್ರೆ ಕೈಗೆ ಅದು ಗೊತ್ತಾಗಲ್ಲ, ಅಭ್ಯಾಸಬಲದಿಂದ ಅದೇ 10 ಕೆಜಿ ಎಳೀತದೆ, ಆಗ ಬೋಲ್ಟಿಗೆ ಬಿದ್ದಿದ್ದು 25 ನ್ಯೂಟನ್ ಮೀಟರ್, ಯಾವ ಎಂ6 ಬೋಲ್ಟ್ ತಡೆಯುತ್ತೆ ಹೇಳ್ರಿ. ಎಣ್ಣೆ ಹತ್ತಿದ ಥ್ರೆಡ್ಡಾದ್ರೆ ಉಜ್ಜಾಟ ಕಮ್ಮಿ, ಅದೇ ಟಾರ್ಕಿಗೆ ಬೋಲ್ಟ್ ಇನ್ನೂ ಜಾಸ್ತಿ ಎಳೀತದೆ. ಇಂಥ ಜಾಗಕ್ಕೆ ಗಿಡ್ಡ ಟಿ ಸ್ಪ್ಯಾನರ್ರೇ ಸರಿ, ಟಾರ್ಕ್ ರೆಂಚ್ ಇದ್ರೆ ಮಾತೇ ಇಲ್ಲ.

ಹಾಕ್ವಾಗ ಎದುರು ಬದುರು, ಕಾಲು ಕಾಲು ಸುತ್ತು. ಒಂದನ್ನೇ ಪೂರ್ತಿ ಕೂರ್ಸಿ ಇನ್ನೊಂದಕ್ಕೆ ಹೋದ್ರೆ ಪ್ರೆಷರ್ ಪ್ಲೇಟ್ ವಾಲಿ, ಬೋಲ್ಟ್ ಬಗ್ಗುತ್ತೆ. ನಾಲ್ಕೂ ಹೊಸ ಬೋಲ್ಟ್ ಹಾಕ್ರಿ, ಒಂದೇ ಅಲ್ಲ, ಯಾಕಂದ್ರೆ ಆ ರಾಚೆಟ್ ಉಳಿದ ಮೂರರ ಮೇಲೂ ಕೈ ಆಡ್ಸಿರುತ್ತೆ. ಹಾರ್ಡ್‌ವೇರ್ ಅಂಗಡಿ ಬೋಲ್ಟ್ ಬೇಡ, ಆ ಗಾಡಿಗೆ ಅಂತಲೇ ಬರೋದು ತಗೊಳ್ರಿ, ಉದ್ದ ಒಂದೆರಡು ಎಂಎಂ ಜಾಸ್ತಿ ಆದ್ರೆ ತಳ ತಾಗಿ ಸ್ಪ್ರಿಂಗ್ ಹಿಡಿಯೋ ಮೊದ್ಲೇ ಬಿಗಿ ಆದಂಗೆ ಅನ್ಸುತ್ತೆ, ಕಮ್ಮಿ ಆದ್ರೆ ನಾಲ್ಕು ಥ್ರೆಡ್ ಮೇಲೆ ನೇತಾಡುತ್ತೆ.

ಮುಚ್ಚೋ ಮೊದ್ಲು ಒಂದು. ಬೋಲ್ಟ್ ತಲೆ ಮತ್ತು ತುಂಡು ಎರಡನ್ನೂ ಜೋಡಿಸಿ, ಹಳೇ ಬೋಲ್ಟ್ ಪಕ್ಕ ಇಟ್ಟು ಉದ್ದ ಸರಿ ಬಂತಾ ನೋಡ್ರಿ. ಬಂದಿಲ್ಲ ಅಂದ್ರೆ ಚೂರು ಒಳಗೇ ಐತೆ. ಡ್ರಿಲ್ ಏನಾದ್ರೂ ಹಾಕಿದ್ರೆ ಉಕ್ಕಿನ ಪುಡಿ ಮ್ಯಾಗ್ನೆಟ್ಟಿಗೆ ಬರುತ್ತೆ, ಅಲ್ಯೂಮಿನಿಯಂ ಪುಡಿ ಬರಲ್ಲ, ಅದನ್ನ ಒರೆಸಿ, ಡೀಸೆಲ್ಲಲ್ಲಿ ತೊಳೆದೇ ತೆಗೀಬೇಕು, ತುಂಬಾ ಗಾಡೀಲಿ ಆಯಿಲ್ ಜಾಲರಿ ಕ್ಲಚ್ ಮುಚ್ಚೋ ಅದೇ ಬಲಗಡೆ ಕವರಿನ ಕೆಳಗೇ ಇರುತ್ತೆ, ಎಳೆದು ನೋಡ್ರಿ. ಆಮೇಲೆ ಹೊಸ ಆಯಿಲ್ಲು.

ಪ್ರಶ್ನೆ: ನಮ್ದು ಭದ್ರಾ ಚಾನಲ್ ಕಡೆ ಗದ್ದೆ ಕೆಲಸ, ಬೈಕು ಕೆಸರಲ್ಲೇ ಓಡೋದು. ಕ್ಲಚ್ ಪ್ಲೇಟ್ ಹಾಕ್ಸೋಕೆ ಅಂತ ಕವರ್ ಬಿಚ್ವಾಗ ಕೆಳಗಿನ ಎರಡು ಬೋಲ್ಟ್ ಮುರಿದ್ವು. ಒಂದು ಈಚೆ ಕಡ್ಡಿ ಥರ ನಿಂತೈತೆ, ಇನ್ನೊಂದು ಇಂಜಿನ್ ಕೇಸಿನ ಮಟ್ಟಕ್ಕೇ ಕಟ್ ಆಗೈತೆ. ಮೆಕ್ಯಾನಿಕ್ಕು ಕೇಸೇ ಬದಲಿಸ್ಬೇಕು ಅಂತಾನೆ, ಹೌದಾ?
— ಓದುಗರು, ಮಲೇಬೆನ್ನೂರು

ಉತ್ತರ: ಇಷ್ಟು ಬೇಗ ಕೇಸ್ ಬದಲಿಸೋ ಮಾತು ಬೇಡ್ರಿ ಗೌಡ್ರೆ. ಆದ್ರೆ ನಿಮ್ದು ನಿಟ್ಟುವಳ್ಳಿ ತಮ್ಮನ ಕಥೆಗೆ ಪೂರ್ತಿ ಉಲ್ಟಾ. ಬಿಚ್ವಾಗ ಮುರೀತು ಅಂದ್ರೆ ತಲೆಗಿಂತ ಥ್ರೆಡ್ಡೇ ಗಟ್ಟಿ ಹಿಡ್ಕೊಂಡಿತ್ತು ಅಂತ, ಎಳೆತ ಹೋದ್ರೂ ಹಿಡಿತ ಹೋಗಿಲ್ಲ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಕೇಸು, ನಡುವೆ ವರ್ಷಗಟ್ಟಲೆ ನೀರು, ಎರಡು ಬೇರೆ ಬೇರೆ ಲೋಹ ಒದ್ದೆಯಾಗಿ ಕೂತ್ರೆ ಅಲ್ಯೂಮಿನಿಯಂ ಬಿಳೀ ಪುಡಿಯಾಗಿ ಉಬ್ಬಿ ಥ್ರೆಡ್ ಸಂದಿಯನ್ನೆಲ್ಲಾ ತುಂಬಿ ಬಿಗೀತದೆ. ಇಲ್ಲಿ ಸ್ಕ್ರೈಬರ್ ಕೆಲಸಕ್ಕೆ ಬರಲ್ಲ.

ಎಣ್ಣೆ ಮೊದ್ಲು. ತುಕ್ಕು ಬಿಡಿಸೋ ಸ್ಪ್ರೇ ಇದ್ರೆ ಅದು, ಇಲ್ದಿದ್ರೆ ಡೀಸೆಲ್ಲು, ರಾತ್ರಿಯೆಲ್ಲಾ ನೆನೀಲಿ, ನಡುನಡುವೆ ಬೋಲ್ಟ್ ಮೇಲೆ ಸಣ್ಣಗೆ ತಟ್ಟಿದ್ರೆ ಎಣ್ಣೆ ಒಳಕ್ಕಿಳಿಯುತ್ತೆ. ಆಮೇಲೆ ಬಿಸಿ. ಬಿಸಿ ಕೊಡೋದು ಬೋಲ್ಟಿಗಲ್ಲ, ಸುತ್ತಲಿನ ಕೇಸಿಗೆ, ಯಾಕಂದ್ರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ತೂತು ಅಗಲ ಆಗುತ್ತೆ. ಟ್ಯಾಂಕ್ ಇಳಿಸಿ ದೂರ ಇಡ್ರಿ, ಪೆಟ್ರೋಲ್ ಪೈಪಿನ ಬಾಯಿ ಮುಚ್ರಿ, ಹಚ್ಚಿದ ಸ್ಪ್ರೇ ಒರೆಸ್ರಿ, ಇದಾದ ಮೇಲೇ ಬ್ಲೋ ಟಾರ್ಚ್. ಒಂದು ಹನಿ ನೀರು ಬಿಟ್ರೆ ಚುಯ್ ಅನ್ನೋವಷ್ಟು ಕಾದ್ರೆ ಸಾಕು, ಕೆಂಪಗೆ ಮಾಡೋಕೆ ಹೋದ್ರೆ ಅಲ್ಯೂಮಿನಿಯಂ ಕೆಂಪಗಾಗೋ ಮೊದ್ಲೇ ಕರಗಿ ಕೂರುತ್ತೆ, ಪಕ್ಕದ ಆಯಿಲ್ ಸೀಲೂ ಹೋಗುತ್ತೆ.

ಕಡ್ಡಿ ಥರ ನಿಂತಿರೋದಕ್ಕೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿ ಮಾಡಿ, ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗ್ಸಿ. ಥ್ರೆಡ್ ಇಲ್ಲದ ಕಡ್ಡಿ ಆದ್ರೆ ವೈಸ್ ಗ್ರಿಪ್. ಒಂದೇ ಕಡೆಗೆ ಎಳೀಬೇಡಿ, ಹಿಂದಕ್ಕೊಂಚೂರು ಮುಂದಕ್ಕೊಂಚೂರು, ಕಿರ್ ಅಂತ ಸದ್ದು ಬಂದ್ರೆ ಬಿಡ್ತಾ ಐತೆ ಅಂತ, ಮತ್ತೆ ಎಣ್ಣೆ, ಮತ್ತೆ ಹಿಂದೆ ಮುಂದೆ.

ಮಟ್ಟಕ್ಕೆ ಕಟ್ ಆಗಿರೋದಕ್ಕೆ ಈಗ ವೆಲ್ಡಿಂಗ್, ಇದಕ್ಕಿಂತ ಒಳ್ಳೇ ದಾರಿ ನಾನು ನೋಡಿಲ್ಲ. ತುಂಡಿನ ಮೇಲೆ ಒಂದು ನಟ್ ಇಟ್ಟು ಅದ್ರ ತೂತಿನೊಳಗಿಂದ ವೆಲ್ಡ್ ತುಂಬೋದು. ಉಕ್ಕಿನ ವೆಲ್ಡು ಅಲ್ಯೂಮಿನಿಯಮ್ಮಿಗೆ ಅಂಟಲ್ಲ, ಬೋಲ್ಟಿಗೆ ಮಾತ್ರ ಅಂಟುತ್ತೆ, ಮೇಲಾಗಿ ಆ ಕಾವಿಗೇ ತುಕ್ಕಿನ ಹಿಡಿತ ಒಡೆಯುತ್ತೆ. ಗ್ಯಾಸ್ ವೈರ್ ವೆಲ್ಡಿಂಗ್ (ಮಿಗ್) ಇರೋ ಅಂಗಡಿ ಹುಡುಕ್ರಿ, ಗೇಟು ಗ್ರಿಲ್ಲು ಮಾಡೋ ದಪ್ಪ ರಾಡಿನೋರು ಎಂ6ಗೆ ಕೈ ಹಾಕಿದ್ರೆ ಕೇಸಿನ ಅಂಚು ಹೋದಂಗೇ. ಬ್ಯಾಟರಿಯ ಎರಡೂ ವೈರ್ ಬಿಚ್ಚಿಡ್ರಿ, ಅರ್ತ್ ಕ್ಲಾಂಪನ್ನ ಅದೇ ಇಂಜಿನ್ ಕೇಸಿಗೆ, ಬೋಲ್ಟಿನ ಹತ್ರದಲ್ಲೇ ಕಚ್ಚಿಸ್ಲಿ, ಚಕ್ರಕ್ಕೋ ಚಾಸಿಸ್ಸಿಗೋ ಹಾಕಿದ್ರೆ ಕರೆಂಟು ಬೇರಿಂಗ್ ಮೂಲಕ ಓಡುತ್ತೆ. 2020ರ ಮೇಲಿನ ಬಿಎಸ್6 ಗಾಡಿ ಆದ್ರೆ ಇಸಿಯು (ಇಂಜಿನ್ ಕಂಪ್ಯೂಟರ್) ಕನೆಕ್ಟರೂ ತೆಗೀರಿ. ವೆಲ್ಡ್ ಆದಮೇಲೆ ಬೋಲ್ಟಿನ ಕೆಂಪು ಇಳಿದು ಸ್ವಲ್ಪ ತಣ್ಣಗಾಗಲಿ, ಆಮೇಲೆ ನಟ್ಟಿಗೆ ಸ್ಪ್ಯಾನರ್. ನಟ್ಟು ಕಿತ್ಕೊಂಡು ಬಂದ್ರೆ ಬೇಜಾರಾಗದೆ ಇನ್ನೊಂದು ನಟ್ ಇಡೋಕೆ ಹೇಳ್ರಿ, ಸಲಸಲಕ್ಕೂ ಕಾದು ಕಾದು ಹಿಡಿತ ಸಡಿಲ ಆಗ್ತಿರುತ್ತೆ.

ತೆಗೆದ ಮೇಲೆ ಥ್ರೆಡ್ ತಿಂದಿದ್ರೆ ಹೆಲಿಕಾಯಿಲ್. ಅದು ಉಕ್ಕಿನ ತಂತಿ ಸುರುಳಿ, 6.3 ಎಂಎಂ ತೂತು ಹಾಕಿ, ಅದರದ್ದೇ ಟ್ಯಾಪ್ ಓಡ್ಸಿ ಒಳಗೆ ತಿರುಗ್ಸಿದ್ರೆ ಮತ್ತೆ ಅದೇ ಎಂ6 ಬೋಲ್ಟ್ ಕೂರುತ್ತೆ, ಮೊದಲಿಗಿಂತ ಗಟ್ಟಿ. ಎಂಟರ ಟ್ಯಾಪ್ ಹಾಕಿಬಿಡೋಣ ಅಂತ ಯಾರಾದ್ರೂ ಅಂದ್ರೆ ಒಪ್ಬೇಡಿ, ಅಲ್ಲಿನ ಗೋಡೆ ತೆಳು. ಹೊಸ ಬೋಲ್ಟಿನ ಥ್ರೆಡ್ಡಿಗೆ ಆಂಟಿ ಸೀಜ್ ಗ್ರೀಸ್ ತೆಳ್ಳಗೆ ಸವರಿ, ಸ್ವಲ್ಪ ಕಮ್ಮಿ ಬಿಗೀಲೇ ನಿಲ್ಸಿ. ಹೊಳೀತದೆ ಅಂತ ಸ್ಟೇನ್‌ಲೆಸ್ ಸ್ಟೀಲ್ ಅಲೆನ್ ಬೋಲ್ಟ್ (ತಲೇಲಿ ಆರು ಮೂಲೆ ಗುಳಿ ಇರೋದು) ಹಾಕ್ಸೋ ಖಯಾಲಿ ಗದ್ದೆ ಗಾಡಿಗೆ ಬೇಡ, ಅದು ತುಕ್ಕು ಹಿಡಿಯಲ್ಲ ನಿಜ, ಅಲ್ಯೂಮಿನಿಯಂ ಕೇಸನ್ನ ಇನ್ನೂ ಬೇಗ ತಿನ್ನಿಸುತ್ತೆ.

ಪ್ರಶ್ನೆ: ಮುರಿದ ಬೋಲ್ಟ್ ತೆಗೆಯೋಕೆ ಈಜಿ ಔಟ್ (ತುಂಡಿಗೆ ತೂತು ಹಾಕಿ, ಅದ್ರೊಳಗೆ ಉಲ್ಟಾ ತಿರುಗಿಸಿ ಕಚ್ಚಿಸಿ ಎಳೆಯೋ ಟೂಲು) ಹಾಕಿದ್ವಿ, ಈಗ ಈಜಿ ಔಟೇ ಒಳಗೆ ಮುರಿದೈತೆ. ಡ್ರಿಲ್ ಬಿಟ್ಟು ಅದ್ರ ಮೇಲೆ ಜಾರುತ್ತೆ, ಕೊರಿಯಲ್ಲ.
— ಓದುಗರು, ಹರಿಹರ

ಉತ್ತರ: ಅಲ್ರೀ, 1941ರಿಂದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಕಟ್ಟಿದ ಊರಲ್ಲಿ ಕೂತು ನನ್ನ ಕೇಳ್ತೀರಲ್ಲ! ನಿಮ್ಮ ಬೀದೀಲೇ ಹಳೇ ಫ್ಯಾಕ್ಟರಿ ಮೇಸ್ತ್ರಿ ಯಾರಾದ್ರೂ ಇದ್ದಾರಾ ವಿಚಾರಿಸ್ರಿ. ಇರ್ಲಿ. ಈಜಿ ಔಟ್ ಗಡಸು ಉಕ್ಕು, ಮಾಮೂಲಿ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್ಟಿಗೆ ಅದು ಜಗ್ಗಲ್ಲ, ಎಷ್ಟು ಒತ್ತಿದ್ರೂ ಬಿಟ್ಟೇ ಬೋಳಾಗುತ್ತೆ. ಗಡಸು ಆದ್ರಿಂದಲೇ ಅದು ಗಾಜಿನಂಗೆ ಪೆಳಸು ಕೂಡ, ಗಟ್ಟಿ ಪಂಚ್ ಇಟ್ಟು ಚುರುಕಾಗಿ ಒಂದೇಟು ಹಾಕಿದ್ರೆ ಕೆಲವು ಸಲ ಚೂರು ಚೂರಾಗಿ ಉದುರುತ್ತೆ, ಕನ್ನಡಕ ಹಾಕ್ಕೊಂಡು ಮಾಡ್ರಿ. ಉದುರದಿದ್ರೆ ಕಾರ್ಬೈಡ್ ಬಿಟ್ಟು, ಅದೂ ಮಷಿನ್ ಮೇಲೆ, ಕೈ ಡ್ರಿಲ್ಲಲ್ಲಿ ಅದೂ ಮುರಿಯುತ್ತೆ. ಕೊನೇದು ಸ್ಪಾರ್ಕ್ ಎರೋಷನ್, ಡೈ ಮಾಡೋ ಟೂಲ್‌ರೂಮ್‌ನೋರ ಹತ್ರ ಇರುತ್ತೆ, ಕಿಡಿ ಬಿಟ್ಟು ಲೋಹ ಕರಗಿಸಿ ತೆಗೀತಾರೆ, ಥ್ರೆಡ್ಡಿಗೆ ಏನೂ ಆಗಲ್ಲ. ಹಬ್ಬಲ್ಲಿ ಮುರಿದಿದ್ರೆ ಇಷ್ಟೆಲ್ಲಾ ಖರ್ಚು ಬೇಡ, ಹೊಸ ಹಬ್ ತಗೊಳ್ರಿ. ಕೇಸಲ್ಲಿ ಮುರಿದಿದ್ರೆ ಮಾತ್ರ ಇಂಜಿನ್ ಇಳಿಸಿ ಅಲ್ಲಿಗೆ ಒಯ್ಯೋದು ಲಾಭ. ತುಕ್ಕು ಕಚ್ಚಿದ ಎಂ6 ತುಂಡಿಗೆ ಈಜಿ ಔಟ್ ಹಾಕೋದನ್ನ ನಾನಂತೂ ಯಾರಿಗೂ ಹೇಳಲ್ಲ, 3 ಎಂಎಂ ತೂತಲ್ಲಿ ಕೂರೋ ಈಜಿ ಔಟು ಬೋಲ್ಟಿಗಿಂತ ಸಣ್ಣದು, ಬೋಲ್ಟಿಗೇ ಆಗದ ಕೆಲಸ ಅದ್ರ ಕೈಲಿ ಆಗುತ್ತಾ?

ಪ್ರಶ್ನೆ: ಅಪ್ಪನ ಕಾಲದ ಆರ್‌ಎಕ್ಸ್ 100 ಐತೆ. ಕ್ಲಚ್ ಕವರಿನ ಸ್ಟಾರ್ ಸ್ಕ್ರೂ ತಲೆ ಎಲ್ಲಾ ತಿಂದು ಗುಂಡಗಾಗಿದಾವೆ, ಬಿಚ್ಚೋಕಾಗ್ತಿಲ್ಲ. ಮುರಿದು ಹೋಗುತ್ತೆ ಅಂತ ಭಯ.
— ಓದುಗರು, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ಭಯ ಬೇಡ, ನಾವೇ ಮುರಿಯೋಣ. ಮೊದ್ಲು ಸುತ್ತಿಗೇಲಿ ಹೊಡೆಯೋ ಇಂಪ್ಯಾಕ್ಟ್ ಸ್ಕ್ರೂಡ್ರೈವರ್, 3ನೇ ನಂಬರ್ ಬಿಟ್ ಹಾಕಿ ಪ್ರಯತ್ನ ಮಾಡ್ರಿ, ಮುಕ್ಕಾಲು ಪಾಲು ಸ್ಕ್ರೂ ಅದಕ್ಕೇ ಬರ್ತಾವೆ. ಬರದಿದ್ರೆ ಸ್ಕ್ರೂ ತಲೆ ಮಧ್ಯಕ್ಕೆ 6 ಎಂಎಂ ಬಿಟ್ ಇಟ್ಟು ತಲೆ ಮಾತ್ರ ಕೊರೀರಿ. ತಲೆ ಉಂಗುರದಂಗೆ ಬಿಟ್ಟಿಗೆ ಸಿಕ್ಕೊಂಡು ಬರುತ್ತೆ, ಕವರ್ ಈಚೆ ಬರುತ್ತೆ, ಸ್ಕ್ರೂವಿನ ಕಡ್ಡಿ ಕೇಸಲ್ಲಿ ನಿಂತಿರುತ್ತೆ. ತಲೆ ಹೋಯ್ತು, ಎಳೆತ ಹೋಯ್ತು, ತುಕ್ಕಿಲ್ದಿದ್ರೆ ಕಟಿಂಗ್ ಪ್ಲೇಯರಲ್ಲೇ ತಿರುಗುತ್ತೆ. ಕವರ್ ಅಂಟಿದ್ರೆ ರಬ್ಬರ್ ಸುತ್ತಿಗೇಲಿ ಸುತ್ತ ತಟ್ರಿ, ಸಂದಿಗೆ ಸ್ಕ್ರೂಡ್ರೈವರ್ ತೂರ್ಸಿದ್ರೆ ಪ್ಯಾಕಿಂಗ್ ಕೂರೋ ಮುಖ ಗೀಚಿ ಆಯಿಲ್ ಸೋರೋಕೆ ಶುರುವಾಗುತ್ತೆ. ಹಾಕ್ವಾಗ ಹಳೇ ಸ್ಟಾರ್ ಸ್ಕ್ರೂ ಎಸೆದು ಅಷ್ಟೇ ಉದ್ದದ ಅಲೆನ್ ಬೋಲ್ಟ್ ಹಾಕ್ರಿ. ಮನೇಲಿ ನಿಂತಿರೋ ಗಾಡಿ ತಾನೇ, ಗದ್ದೆಗೆ ಹೋಗಲ್ಲವಲ್ಲ. ಯಾವ ಸ್ಕ್ರೂ ಯಾವ ತೂತಿಂದು ಅಂತ ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡ್ರಿ, ಉದ್ದ ಬೇರೆ ಬೇರೆ ಇರ್ತಾವೆ.

ಪ್ರಶ್ನೆ: ಸರ್, ನಮ್ಮ ತಂದೆಯವರ ಬೈಕಲ್ಲಿ ಕ್ಲಚ್ ಬೋಲ್ಟ್ ಮುರಿದಿತ್ತು, ಗ್ಯಾರೇಜಲ್ಲಿ ತೆಗೆಸಿ ಪ್ಲೇಟೂ ಹೊಸದು ಹಾಕ್ಸಿದ್ವಿ. ಈಗ ಚಳ್ಳಕೆರೆಯಿಂದ ಶೇಂಗಾ ಚೀಲ ಹಾಕ್ಕೊಂಡು ಹೊರಟ್ರೆ ಮತ್ತೆ ಜಾರುತ್ತೆ. ಅಲ್ಲೇ ಇದ್ದ ಕಾರ್ ಆಯಿಲ್ ಹಾಕಿದ್ರು ಅಂತ ತಂದೆ ಹೇಳಿದ್ರು, ಅದ್ರಿಂದ ಇರ್ಬೋದಾ?
— ಓದುಗರು, ಚಳ್ಳಕೆರೆ

ಉತ್ತರ: ಇರ್ಬೋದು ತಂಗಿ, ಆದ್ರೆ ದುಡ್ಡಿಲ್ಲದ ಕೆಲಸ ಮೊದ್ಲು. ಕ್ಲಚ್ ಲಿವರ್ ತುದೀಲಿ 10ರಿಂದ 20 ಎಂಎಂ ಸುಮ್ನೆ ಆಡ್ಬೇಕು, ಆಮೇಲೆ ಬಿಗಿ ಸಿಗ್ಬೇಕು. ಆಟವೇ ಇಲ್ಲ ಅಂದ್ರೆ ಕೇಬಲ್ಲು ಯಾವಾಗ್ಲೂ ಕ್ಲಚ್ಚನ್ನ ಅರ್ಧ ಹಿಡಿದಂಗೇ ಇಟ್ಟಿರುತ್ತೆ, ಹೊಸ ಪ್ಲೇಟಾದ್ರೂ ಜಾರುತ್ತೆ. ಅಡ್ಜಸ್ಟರ್ ತಿರುಗ್ಸಿ ಸಡಿಲ ಮಾಡಿದ್ರೆ ಮುಗೀತು.

ಆಟ ಸರಿ ಇದ್ದೂ ಜಾರಿದ್ರೆ ಆಯಿಲ್ಲು. ಬೈಕಿನ ಕ್ಲಚ್ಚು ಇಂಜಿನ್ ಆಯಿಲ್ಲಲ್ಲೇ ಮುಳುಗಿ ಕೆಲಸ ಮಾಡೋದು, ಕಾರಿಂದು ಹಂಗಲ್ಲ. ಕಾರ್ ಆಯಿಲ್ ಎಷ್ಟೋದ್ರಲ್ಲಿ ಉಜ್ಜಾಟ ಕಮ್ಮಿ ಮಾಡೋ ರಾಸಾಯನಿಕ ಸೇರ್ಸಿರ್ತಾರೆ, ಅದು ಪ್ಲೇಟಿಗೆ ಹತ್ತಿದ್ರೆ ಹಿಡಿತಾನೇ ಬರಲ್ಲ. ಡಬ್ಬಿ ಹಿಂದುಗಡೆ ಜಾಸೋ ಎಂಎ (JASO MA) ಅಥವಾ ಎಂಎ2 ಅಂತ, ಬೈಕಿನ ಕ್ಲಚ್ಚಿಗೆ ಹೊಂದುತ್ತೆ ಅನ್ನೋ ಗುರುತು ಇರೋ ಆಯಿಲ್ ಹಾಕ್ಸಿ, ಗ್ರೇಡ್ ನಿಮ್ಮ ಗಾಡಿ ಪುಸ್ತಕದಲ್ಲಿ ಇರೋದೇ ಇರ್ಲಿ. ಸ್ವಲ್ಪ ದಿನ ಭಾರ ಹಾಕದೆ ಓಡ್ಸಿ ನೋಡ್ಲಿ, ಪ್ಲೇಟ್ ಸುಟ್ಟಿಲ್ದಿದ್ರೆ ಹಿಡಿತ ವಾಪಸ್ ಬರೋ ಸಾಧ್ಯತೆ ಐತೆ. ಆಯಿಲ್ ಬಿಟ್ಟಾಗ ಸುಟ್ಟ ವಾಸನೆ ಬಂದ್ರೆ ಮಾತ್ರ ಮತ್ತೆ ಬಿಚ್ಲೇಬೇಕು.

ಬಿಚ್ಚಿದ್ರೆ ತಂದೆಯವರಿಗೆ ಹತ್ರ ನಿಂತು ಎರಡು ನೋಡೋಕೆ ಹೇಳಿ. ಮುರಿದ ಬೋಲ್ಟ್ ಜಾಗಕ್ಕೆ ಹಾಕಿರೋದು ಉಳಿದ ಬೋಲ್ಟುಗಳಷ್ಟೇ ಉದ್ದ ಐತಾ, ನಾಲ್ಕು ಸ್ಪ್ರಿಂಗೂ ಒಂದೇ ಎತ್ತರ ಐತಾ. ಹೊಸ ಪ್ಲೇಟ್ ಹಾಕೋದಾದ್ರೆ ಹಿಂದಿನ ರಾತ್ರೀನೇ ಅದೇ ಇಂಜಿನ್ ಆಯಿಲ್ಲಲ್ಲಿ ನೆನೆಹಾಕಿ ಇಟ್ಟಿರ್ಲಿ, ಒಣಗಿದ್ದನ್ನೇ ಹಾಕಿದ್ರೆ ಮೊದಲ ದಿನವೇ ಕಾದು ಗಾಜಿನಂಗೆ ನುಣುಪಾಗುತ್ತೆ. ಬೋಲ್ಟ್ ಬಿಗಿ ಮಾಡೋವಾಗ ಉದ್ದನೆ ರಾಚೆಟ್ ಕೈಗೆತ್ಕೊಂಡ್ರೆ ಟಿ ಸ್ಪ್ಯಾನರ್ ಕೊಟ್ಬಿಡೋಕೆ ಹೇಳಿ.